ಹೂವೋ ಗೂಬೆಯೋ

— ಪಾಂಡವರು ಅಮೆರಿಕದಲ್ಲಿ ಹೆಣ್ಣುಮಕ್ಕಳಾಗಿ ಹುಟ್ಟಿದ್ದಾರೆ. ಅರ್ಜುನ ಸ್ಪೈಡರ್‌ಮ್ಯಾನ್ ಚಿತ್ರದ ಪೈಜಾಮ ತೊಟ್ಟಿದ್ದಾನೆ. ಶಕುನಿ ಪಾರಿವಾಳ. ಈ ಪುಸ್ತಕವನ್ನು ನಿಮ್ಮ ಶಾಲೆಯ ಲೈಬ್ರರಿಯಲ್ಲಿ ಇಟ್ಟಿದ್ದೀಯಾ, ಮಾರಾಯ್ತಿ?

— ಇಟ್ಟಿದ್ದೇನೆ ಚಿಕ್ಕಪ್ಪ. ಇಟ್ಟರೂ ಕಪಾಟಿನಲ್ಲಿ ನಿಲ್ಲುವುದಿಲ್ಲ, ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ಅವಳು ಅರ್ಜುನ ಅಲ್ಲ, ಅರ್ಜುನನ ಆತ್ಮ ಇರುವ ಹುಡುಗಿ. ಆರು ಷಾ ಅಂತ ಹೆಸರು, ಹನ್ನೆರಡು ವರ್ಷ. ಅಟ್ಲಾಂಟಾದ ಒಂದು ಮ್ಯೂಸಿಯಮ್ಮಿನಲ್ಲಿ ತಾಯಿಯ ಜೊತೆ ಇರುತ್ತಾಳೆ. ಜೊತೆಯ ಮಕ್ಕಳ ಮುಂದೆ ಜಂಬ ಕೊಚ್ಚಿಕೊಳ್ಳಲು ಹೋಗಿ ಹಚ್ಚಬಾರದ ದೀಪ ಹಚ್ಚುತ್ತಾಳೆ, ಕಾಲವೇ ನಿಂತುಹೋಗುತ್ತದೆ. ರೋಷನಿ ಚೋಕ್ಷಿ ಬರೆದದ್ದು. 2018ರಲ್ಲಿ ಮೊದಲನೆಯದು ಬಂತು, 2022ರ ಹೊತ್ತಿಗೆ ಐದಾದವು. ನಿಮಗೆ ಕೋಪ ಬಂದಿದೆಯಾ?

— ಕೋಪ ಯಾಕೆ? ಪಂಪನನ್ನು ಮೂವತ್ತು ವರ್ಷ ಪಾಠ ಮಾಡಿದವನಿಗೆ ಇದಕ್ಕೆಲ್ಲ ಕೋಪ ಬರುವುದಿಲ್ಲ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಕೊನೆಗೆ ಪಟ್ಟವನ್ನೂ ಅವನಿಗೇ ಕಟ್ಟಿಸಿದ, ಪಕ್ಕದಲ್ಲಿ ಸುಭದ್ರೆಯನ್ನು ಕೂರಿಸಿದ. ಆಶ್ರಯ ಕೊಟ್ಟ ಅರಿಕೇಸರಿಗೆ ಆ ಅರ್ಜುನನಲ್ಲಿ ತನ್ನ ಮುಖ ಕಾಣಬೇಕಿತ್ತಲ್ಲ. ರನ್ನ ತನ್ನ ದೊರೆಯನ್ನು ಭೀಮ ಮಾಡಲು ಹೊರಟ, ಓದುವವರು ದುರ್ಯೋಧನನಿಗಾಗಿ ಅತ್ತರು. ಕಥೆ ತಿರುಚುವ ಚಾಳಿ ನಮಗೆ ಸಾವಿರ ವರ್ಷದ್ದು. ನನ್ನ ತಕರಾರು ಬೇರೆ.

— ಹೇಳಿ ಮತ್ತೆ.

— ಶಿಕಾಗೋದಿಂದ ಬಂದ ಮೊಮ್ಮಗಳು ನನ್ನನ್ನು ಕೂರಿಸಿಕೊಂಡು ಮೊದಲ ಪುಸ್ತಕದ ಕಥೆ ಪೂರ್ತಿ ಹೇಳಿದಳು. ಇಂದ್ರ ಮಗಳಿಗೆ ವಜ್ರಾಯುಧ ಕೊಟ್ಟಿದ್ದಾನೆ, ನೋಡಲು ಪಿಂಗ್‌ಪಾಂಗ್ ಚೆಂಡು. ಇನ್ನೊಬ್ಬಳು ಮಿನಿ, ಯುಧಿಷ್ಠಿರನ ಆತ್ಮ. ಎಲ್ಲದಕ್ಕೂ ಹೆದರುವ ಹುಡುಗಿ. ಯಮಧರ್ಮ ಅವಳಿಗೆ ಕೊಟ್ಟದ್ದು ಮುಖ ನೋಡಿಕೊಳ್ಳುವ ಸಣ್ಣ ಕನ್ನಡಿ. ಚೆನ್ನಾಗಿದೆ, ನಕ್ಕೆ. ಆಮೇಲೆ ಮೊಮ್ಮಗಳನ್ನು ಕೇಳಿದೆ: ಪುಟ್ಟಿ, ಯುಧಿಷ್ಠಿರ ಜೂಜಿನಲ್ಲಿ ಹೆಂಡತಿಯನ್ನು ಪಣಕ್ಕಿಟ್ಟವನು. ಅವನ ಆತ್ಮ ಹೊತ್ತ ಈ ಮಗುವಿಗೆ ಆ ನೆನಪು ಒಂದು ರಾತ್ರಿಯಾದರೂ ನಿದ್ದೆ ಕೆಡಿಸುತ್ತದಾ? ಅವಳು ಯೋಚಿಸಿ ಇಲ್ಲ ಅಂದಳು. ಅದೇ ನನ್ನ ತಕರಾರು. ಅಜ್ಜನ ಆಸ್ತಿಗೆ ವಾರಸುದಾರರಾದವರು ಅಜ್ಜನ ಸಾಲಕ್ಕೂ ಆಗಬೇಕಲ್ಲವಾ? ಇಲ್ಲಿ ವಜ್ರಾಯುಧ ಬಂತು, ಸಾಲದ ಪತ್ರ ಬರಲಿಲ್ಲ.

— ಒಂದು ಕಡೆ ಬರುತ್ತದೆ. ಮೊಮ್ಮಗಳು ಹೇಳಲಿಲ್ಲವಾ, ಮಯನ ಅರಮನೆಯ ವಿಷಯ?

— ಮಯಸಭೆಯಾ? ದುರ್ಯೋಧನ ನೆಲ ಅಂತ ನೀರಿಗೆ ಬಿದ್ದದ್ದು?

— ಅದೇ ಅರಮನೆ. ಹುಡುಗಿಯರಿಬ್ಬರೂ ಅದರೊಳಗೆ ಸಿಕ್ಕಿಕೊಳ್ಳುತ್ತಾರೆ. ಅರಮನೆ ಅವರನ್ನು ಹೊರಗೆ ಬಿಡುವುದಿಲ್ಲ. ಯಾಕೆಂದರೆ ಅದಕ್ಕೆ ನೋವಾಗಿದೆ. ಪಾಂಡವರು ತನ್ನನ್ನು ಬಿಟ್ಟು ಹೋದವರು ತಿರುಗಿ ನೋಡಲಿಲ್ಲ, ಮರೆತೇಬಿಟ್ಟರು ಅಂತ ಅಷ್ಟು ಕಾಲದಿಂದ ಕಾದು ಕೂತಿದೆ. ಕೊನೆಗೆ ತನ್ನದೇ ಒಂದು ಚೂರನ್ನು ಅವರ ಕೈಗಿಟ್ಟು ಕಳಿಸುತ್ತದೆ.

— ಇದು ನಿಜವಾಗಿಯೂ ಒಳ್ಳೆಯ ಜಾಗ. ಇಂದ್ರಪ್ರಸ್ಥ ಕಳೆದುಕೊಂಡ ಪಾಂಡವರ ದುಃಖವನ್ನು ಎಷ್ಟು ಸಲ ಕೇಳಿದ್ದೇನೆ, ಅರಮನೆಯ ದುಃಖವನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಊರು ಬಿಟ್ಟು ಹೋದವರ ಮಗಳೇ ಇದನ್ನು ಬರೆಯಬೇಕಿತ್ತು ಅನ್ನಿಸುತ್ತದೆ. ಒಪ್ಪಿದೆ, ಒಂದು ಕಂತು ಸಂದಾಯ.

— ಚೋಕ್ಷಿಯ ಪುಸ್ತಕ ಬಂದದ್ದು ರಿಕ್ ರಿಯೋರ್ಡನ್‌ನ ಮಾಲಿಕೆಯಲ್ಲಿ. ಬೇರೆ ಬೇರೆ ನಾಡಿನ ಪುರಾಣಗಳನ್ನು ಆಯಾ ಮೂಲದ ಲೇಖಕರೇ ಮಕ್ಕಳಿಗೆ ಬರೆಯಲಿ ಅಂತ ಶುರು ಮಾಡಿದ್ದು, ಅದರ ಮೊದಲ ಪುಸ್ತಕವೇ ಆರು ಷಾ. ರಿಯೋರ್ಡನ್ ನಿಮ್ಮ ಹಾಗೆ ಮೇಷ್ಟ್ರಾಗಿದ್ದವರು. ಅವರ ಮಗನಿಗೆ ಡಿಸ್ಲೆಕ್ಸಿಯಾ, ಅಕ್ಷರಗಳು ಕಣ್ಣಿಗೆ ಹತ್ತುತ್ತಿರಲಿಲ್ಲ. ಎಡಿಎಚ್‌ಡಿ ಬೇರೆ, ಒಂದು ಕಡೆ ಕೂರಲಾಗುತ್ತಿರಲಿಲ್ಲ. ರಾತ್ರಿ ಮಲಗಿಸುವಾಗ ಗ್ರೀಕ್ ಪುರಾಣ ಹೇಳುತ್ತಿದ್ದರಂತೆ. ಇದ್ದ ಕಥೆಗಳೆಲ್ಲ ಮುಗಿದವು, ಮಗ ಹೊಸದು ಕಟ್ಟಿ ಹೇಳು ಅಂದ. ಹಾಗೆ ಹುಟ್ಟಿದವನು ಪರ್ಸಿ ಜಾಕ್ಸನ್, 2005ರಲ್ಲಿ ಪುಸ್ತಕವಾದ. ಪರ್ಸಿಗೂ ಅದೇ ತೊಂದರೆಗಳು. ಆದರೆ ಕಾರಣ ನೋಡಿ: ದೇವರ ಮಗನ ಮಿದುಳು ಪ್ರಾಚೀನ ಗ್ರೀಕ್ ಓದಲು ಸಜ್ಜಾಗಿದೆ, ಅದಕ್ಕೇ ಇಂಗ್ಲಿಷ್ ಅಕ್ಷರ ಕುಣಿಯುತ್ತವೆ. ಕೂರಲಾಗದ ಚಡಪಡಿಕೆ ಯುದ್ಧದಲ್ಲಿ ಜೀವ ಉಳಿಸುವ ಚುರುಕು.

— ಮೇಷ್ಟ್ರು ಜಾಣರು. ನನ್ನ ತರಗತಿಯಲ್ಲೂ ಅಂಥ ಹುಡುಗರಿದ್ದರು, ನಾವು ಅವರಿಗೆ ಬೆಂಚಿನ ಮೇಲೆ ನಿಲ್ಲಿಸುವ ಪುರಾಣ ಮಾತ್ರ ಹೇಳಿದೆವು. ಸರಿ, ಅಲ್ಲಿ ಸಾಲದ ಕಥೆ ಏನು?

— ಅಲ್ಲಿ ಸಾಲ ದೇವರದ್ದು. ಗ್ರೀಕ್ ದೇವತೆಗಳು ಮನುಷ್ಯರಲ್ಲಿ ಮಕ್ಕಳನ್ನು ಹುಟ್ಟಿಸಿ ಒಲಿಂಪಸ್‌ಗೆ ಹೋಗಿಬಿಡುವವರು. ಈಗ ಆ ಒಲಿಂಪಸ್ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿ. ಮಕ್ಕಳು ಬೇಸಿಗೆ ಶಿಬಿರದಲ್ಲಿ ಅಪ್ಪನೋ ಅಮ್ಮನೋ ತಮ್ಮನ್ನು ಒಪ್ಪಿಕೊಳ್ಳುವುದನ್ನೇ ಕಾಯುತ್ತಿರುತ್ತಾರೆ. ಕಥೆಯಲ್ಲಿ ದೇವರಾಜನ ಸಿಡಿಲು ಕಳುವಾಗುತ್ತದೆ, ಕದ್ದದ್ದು ರಾಕ್ಷಸ ಅಲ್ಲ, ಹರ್ಮಿಸ್ ದೇವರ ಮಗ ಲ್ಯೂಕ್. ಅಪ್ಪ ಕಣ್ಣೆತ್ತಿ ನೋಡಲಿಲ್ಲ ಅನ್ನುವ ಸಿಟ್ಟು ಅವನದು.

— ಸೂರ್ಯನ ಮಗ ಪೆಟ್ಟಿಗೆಯಲ್ಲಿ ತೇಲಿಹೋದ ಕಥೆ ನಮಗೆ ಗೊತ್ತಿಲ್ಲವಾ. ಇವನು ಪುರಾಣವನ್ನು ಹೊಸತು ಮಾಡಲಿಲ್ಲ, ಅದನ್ನು ಮಗುವಿನ ಕಡೆಯಿಂದ ಕೇಳಿದ. ಅದು ಸಾಕು ನನಗೆ.

— ನನಗೆ ಪೂರ್ತಿ ಸಾಕಾಗುವುದಿಲ್ಲ. ಮೆಡೂಸಾ ಬರುತ್ತಾಳೆ, ತಲೆಯಲ್ಲಿ ಹಾವುಗಳಿರುವವಳು, ನೋಡಿದವರು ಕಲ್ಲಾಗುತ್ತಾರೆ. ಇಲ್ಲಿ ನ್ಯೂಜೆರ್ಸಿಯಲ್ಲಿ ತೋಟಕ್ಕಿಡುವ ಕಲ್ಲಿನ ಬೊಂಬೆಗಳ ಅಂಗಡಿ ಇಟ್ಟಿದ್ದಾಳೆ. ಅದ್ಭುತ ಕಲ್ಪನೆ, ಬೊಂಬೆಗಳು ಯಾರು ಅಂತ ಮಕ್ಕಳಿಗೆ ನಮಗಿಂತ ಮೊದಲೇ ಹೊಳೆಯುತ್ತದೆ. ಆದರೆ ಅವಳು ಹಾಗಾದದ್ದು ಯಾಕೆ? ಪರ್ಸಿಯ ಅಪ್ಪ ಪೊಸೈಡನ್ ಅಥೀನಾಳ ಗುಡಿಯಲ್ಲಿ ಅವಳನ್ನು ಕೂಡಿದ್ದಕ್ಕೆ. ಶಾಪ ತಗಲಿದ್ದು ಅವಳಿಗೆ ಮಾತ್ರ. ಪುಸ್ತಕ ಇದನ್ನು ಮುಚ್ಚಿಡುವುದಿಲ್ಲ, ಹೇಳುತ್ತದೆ. ಹೇಳಿಯೂ ಕೆಲವೇ ಪುಟಗಳಲ್ಲಿ ಮಗ ಅವಳ ತಲೆ ಕಡಿದು, ಡಬ್ಬಿಯಲ್ಲಿ ಹಾಕಿ, ಒಲಿಂಪಸ್ ವಿಳಾಸಕ್ಕೆ ಪಾರ್ಸೆಲ್ ಮಾಡುತ್ತಾನೆ. ತಮಾಷೆಯ ಅಧ್ಯಾಯ, ನಾನೂ ನಕ್ಕಿದ್ದೇನೆ. ಆಮೇಲೆ ಒಂಥರಾ ಆಯಿತು.

— ಅಪ್ಪನ ಸಾಲ ತೀರಿಸಲು ಹೋಗಿ ಸಾಲ ಕೊಟ್ಟವಳನ್ನೇ ಮುಗಿಸಿದ ಹಾಗಾಯಿತು.

— ಇನ್ನೂ ಒಂದು ರೀತಿ ಇದೆ, ಸಾಲದ ಲೆಕ್ಕವನ್ನೇ ತಿದ್ದಿಬಿಡುವುದು. ಲಾಯ್ಡ್ ಅಲೆಕ್ಸಾಂಡರ್ ಅಂತ ಅಮೆರಿಕದವರು, ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಾಗಿ ವೇಲ್ಸ್‌ಗೆ ಹೋಗಿದ್ದರು. ಆ ನಾಡಿಗೆ ಮನಸೋತು 1964ರಿಂದ 1968ರವರೆಗೆ ಪ್ರಿಡೈನ್ ಕಥೆಗಳು ಅಂತ ಐದು ಪುಸ್ತಕ ಬರೆದರು. ಹಂದಿ ಕಾಯುವ ಹುಡುಗ ನಾಯಕ. ಕೊನೆಯದಕ್ಕೆ ಅಮೆರಿಕದ ನ್ಯೂಬೆರಿ ಪದಕವೂ ಬಂತು. ವೇಲ್ಸ್‌ನ ಹಳೆಯ ಕಥೆಗಳಲ್ಲಿ ಅರಾನ್ ಅನ್ನುವ ಪಾತಾಳದ ರಾಜ ಇದ್ದಾನೆ. ಮರ್ಯಾದಸ್ಥ. ಭೂಮಿಯ ಒಬ್ಬ ರಾಜನ ಜೊತೆ ಒಂದು ವರ್ಷ ವೇಷ ಬದಲಿಸಿಕೊಂಡು ಗೆಳೆಯನಾಗುವವನು. ಅಲೆಕ್ಸಾಂಡರ್ ಅವನನ್ನು ಸಾವಿನ ಒಡೆಯ, ಕಡುಕೇಡಿಗ ಮಾಡಿಬಿಟ್ಟರು. ಮೂಲದಲ್ಲಿ ಮಹಾ ತಂತ್ರಗಾರನಾದ ಗ್ವಿಡಿಯನ್‌ನನ್ನು ಕಳಂಕವಿಲ್ಲದ ರಾಜಕುಮಾರ ಮಾಡಿದರು. ತಮ್ಮ ಪ್ರಿಡೈನ್ ವೇಲ್ಸ್ ಅಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ, ಅದು ಪ್ರಾಮಾಣಿಕತೆ.

— ಒಳ್ಳೆಯವನು, ಕೆಟ್ಟವನು ಅಂತ ಎರಡು ಕಪಾಟು ಮಾಡಿದರೆ ಮಕ್ಕಳಿಗೆ ಸುಲಭ ಅಂತ ದೊಡ್ಡವರು ತಿಳಿದಿದ್ದೇವೆ. ಹೂಂ, ಪೂರ್ತಿ ಸಾಲ ಹೊತ್ತ ಪುಸ್ತಕ ಯಾವುದಾದರೂ ಇದೆಯೋ?

— ಇದೆ. ಅದಕ್ಕೆ ಮೊದಲು ಆ ವೇಲ್ಸ್‌ನ ಕಥೆಯನ್ನೇ ಹೇಳಬೇಕು. ಮಾಬಿನೋಗಿ ಅಂತ, ಅದರ ನಾಲ್ಕನೇ ಶಾಖೆ. ಹದಿನಾಲ್ಕನೇ ಶತಮಾನದ ಹಸ್ತಪ್ರತಿಗಳಲ್ಲಿದೆ, ಕಥೆ ಅದಕ್ಕಿಂತ ಹಳೆಯದು. ಲ್ಲೆಯ್ ಅನ್ನುವ ರಾಜಕುಮಾರ. ಈ ಭೂಮಿಯ ಮೇಲಿನ ಯಾವ ಹೆಣ್ಣೂ ನಿನಗೆ ಹೆಂಡತಿಯಾಗಬಾರದು ಅಂತ ಅವನ ತಾಯಿಯದೇ ಶಾಪ. ಆಗ ಇಬ್ಬರು ಮಾಯಾವಿಗಳು, ಅದರಲ್ಲಿ ಈ ಗ್ವಿಡಿಯನ್ ಒಬ್ಬ, ಓಕ್ ಮರದ ಹೂ ಮತ್ತು ಇನ್ನೆರಡು ಕಾಡುಹೂಗಳನ್ನು ಕೂಡಿಸಿ ಒಬ್ಬ ಹೆಣ್ಣನ್ನು ಮಾಡುತ್ತಾರೆ. ಹೆಸರು ಬ್ಲೊದೈವೆದ್. ಅವನಿಗೆ ಕೊಟ್ಟು ಮದುವೆ ಮಾಡುತ್ತಾರೆ. ಅವಳನ್ನು ಯಾರೂ ಕೇಳಲಿಲ್ಲ.

— ಹೂವನ್ನು ಕೇಳಿ ಕಿತ್ತವರು ಯಾರಿದ್ದಾರೆ.

— ಅವಳು ಗ್ರೊನು ಅನ್ನುವ ಬೇಟೆಗಾರ ಒಡೆಯನಿಗೆ ಮನಸೋಲುತ್ತಾಳೆ. ಇಬ್ಬರೂ ಸೇರಿ ಗಂಡನನ್ನು ಕೊಲ್ಲಲು ಸಂಚು ಹೂಡುತ್ತಾರೆ. ಆದರೆ ಅವನು ಸುಲಭಕ್ಕೆ ಸಾಯುವವನಲ್ಲ. ಮನೆಯ ಒಳಗೂ ಸಾಯುವುದಿಲ್ಲ, ಹೊರಗೂ ಸಾಯುವುದಿಲ್ಲ. ಕುದುರೆಯ ಮೇಲೂ ಇಲ್ಲ, ನೆಲದ ಮೇಲೂ ಇಲ್ಲ.

— ನಿಲ್ಲು, ನಿಲ್ಲು. ಹಿರಣ್ಯಕಶಿಪು!

— ಅವನ ದೂರದ ನೆಂಟ. ಇಲ್ಲಿ ಹೊಸ್ತಿಲ ಬದಲು ಹೊಳೆಯ ದಡದಲ್ಲಿ ಚಾವಣಿ ಹಾಕಿದ ಸ್ನಾನದ ತೊಟ್ಟಿ. ಅದರ ಅಂಚಿನ ಮೇಲೆ ಒಂದು ಕಾಲು, ಹೋತದ ಬೆನ್ನ ಮೇಲೆ ಇನ್ನೊಂದು ಕಾಲು ಇಟ್ಟು ನಿಂತಾಗ ಮಾತ್ರ ಅವನನ್ನು ಹೊಡೆಯಬಹುದು. ಹೊಡೆಯುವ ಈಟಿಯನ್ನು ಒಂದು ವರ್ಷ ಪೂರ್ತಿ, ಭಾನುವಾರ ಎಲ್ಲರೂ ಪ್ರಾರ್ಥನೆಯಲ್ಲಿರುವ ಹೊತ್ತಿನಲ್ಲಿ ಮಾತ್ರ ಮಾಡಬೇಕು. ಹೆಂಡತಿ ಇದನ್ನು ಅವನ ಬಾಯಿಂದಲೇ ಹೊರಡಿಸುತ್ತಾಳೆ. ಹಾಗೆ ನಿಂತು ತೋರಿಸು ನೋಡೋಣ ಅನ್ನುತ್ತಾಳೆ, ಅವನು ನಿಂತು ತೋರಿಸುತ್ತಾನೆ!

— ಗಂಡಸಿನ ಬುದ್ಧಿ. ಆಮೇಲೆ?

— ಈಟಿ ತಗಲಿ ಹದ್ದಾಗಿ ಹಾರಿಹೋಗುತ್ತಾನೆ. ಗ್ವಿಡಿಯನ್ ಹುಡುಕಿ ಮತ್ತೆ ಮನುಷ್ಯನನ್ನಾಗಿ ಮಾಡುತ್ತಾನೆ. ಸೇಡಿನ ದಿನ ಗ್ರೊನು ತನ್ನ ಮುಂದೆ ಕಲ್ಲೊಂದನ್ನು ಅಡ್ಡ ಹಿಡಿಯಲು ಅಪ್ಪಣೆ ಕೇಳುತ್ತಾನೆ. ಈಟಿ ಕಲ್ಲನ್ನೂ ಅವನನ್ನೂ ತೂರಿಕೊಂಡು ಹೋಗುತ್ತದೆ. ಬ್ಲೊದೈವೆದ್‌ಳನ್ನು ಗ್ವಿಡಿಯನ್ ಗೂಬೆ ಮಾಡುತ್ತಾನೆ. ಹಗಲು ಮುಖ ತೋರಿಸಬಾರದು, ಬೇರೆ ಹಕ್ಕಿಗಳು ಕಂಡಲ್ಲಿ ಕುಕ್ಕಬೇಕು. ಕಥೆ ಮುಗಿಯಿತು.

— ಮುಗಿದದ್ದು ಕಥೆ. ಅವಳ ಲೆಕ್ಕ ಮುಗಿಯಲಿಲ್ಲ.

— ಅಲನ್ ಗಾರ್ನರ್ ಕೂಡ ಹಾಗೇ ಯೋಚಿಸಿರಬೇಕು. ಇಂಗ್ಲೆಂಡಿನ ಚೆಷೈರ್‌ನವರು, 1934ರಲ್ಲಿ ಹುಟ್ಟಿದವರು. ಅವರ ಮೊದಲ ಪುಸ್ತಕ 1960ರದು, ತಮ್ಮೂರಿನ ಗುಡ್ಡದ ಐತಿಹ್ಯದ ಮೇಲೆ ಕಟ್ಟಿದ್ದು. ಗುಡ್ಡದೊಳಗೆ 140 ವೀರರು ಬಿಳಿ ಕುದುರೆಗಳ ಪಕ್ಕ ಮಲಗಿದ್ದಾರೆ, ಒಂದು ಕುದುರೆ ಕಡಿಮೆ ಬಿದ್ದಿದೆ. ಸಂತೆಗೆ ಬಿಳಿ ಕುದುರೆ ಹೊಡೆದುಕೊಂಡು ಹೊರಟ ರೈತನನ್ನು ಮಾಂತ್ರಿಕ ಒಳಗೆ ಕರೆದುಕೊಂಡು ಹೋಗುತ್ತಾನೆ, ಬೆಲೆಗೆ ಕೈತುಂಬ ರತ್ನ ತೆಗೆದುಕೋ ಅನ್ನುತ್ತಾನೆ. ಇಷ್ಟು ಹಳೆಯದು, ಗಾರ್ನರ್ ತಮ್ಮ ಅಜ್ಜನಿಂದ ಕೇಳಿದ್ದು. ಅವರು ಸೇರಿಸಿದ್ದು ಚಿಕ್ಕದು: ರೈತ ಆಸೆಯಲ್ಲಿ ಜೇಬು ತುಂಬಿಕೊಳ್ಳುವಾಗ ಆ ನಿದ್ದೆಯನ್ನು ಕಾಯುವ ಕಲ್ಲೂ ಹೋಗಿಬಿಟ್ಟಿದೆ. ತಲೆಮಾರು ದಾಟಿ ಅದು ಸೂಸನ್ ಅನ್ನುವ ಹುಡುಗಿಯ ಕೈಬಳೆಗೆ ಬಂದಿದೆ. ಸಾಹಸ ಅಲ್ಲಿಂದ.

— ಐತಿಹ್ಯದಲ್ಲಿ ಒಂದು ಸಂದು ಬಿಡಿಸಿ ಮಗುವನ್ನು ಒಳಗೆ ಬಿಟ್ಟ. ಕಸುಬು ಗೊತ್ತಿರುವವನು.

— ಕಸುಬು ಅಲ್ಲಿ. 1967ರ ದಿ ಔಲ್ ಸರ್ವಿಸ್‌ನಲ್ಲಿ ಕಸುಬಿಗಿಂತ ಮೇಲಿನದು ಏನೋ ಇದೆ. ವೇಲ್ಸ್‌ನ ಒಂದು ಕಣಿವೆ, ಬೇಸಿಗೆ ರಜೆ. ಇಂಗ್ಲಿಷ್ ಮನೆತನದ ಆಲಿಸನ್, ಅವಳ ತಾಯಿ ಮರುಮದುವೆಯಾದವನ ಮಗ ರೋಜರ್, ಅಡುಗೆಯಾಕೆಯ ಮಗ ಗ್ವಿನ್. ಹೊಟ್ಟೆನೋವಿನಿಂದ ಮಲಗಿದ ಆಲಿಸನ್‌ಗೆ ಅಟ್ಟದ ಮೇಲೆ ಏನೋ ಪರಚುವ ಸದ್ದು. ಗ್ವಿನ್ ಹತ್ತಿ ನೋಡಿದರೆ ಊಟದ ತಟ್ಟೆಗಳ ರಾಶಿ. ತಟ್ಟೆಯ ಮೇಲಿನ ಬಳ್ಳಿಯ ಚಿತ್ತಾರವನ್ನು ಆಲಿಸನ್ ಕಾಗದದಲ್ಲಿ ನಕಲು ತೆಗೆದು ಕತ್ತರಿಸಿ ಮಡಿಸಿದರೆ ಗೂಬೆ ಆಗುತ್ತದೆ. ಮಾಡುತ್ತಲೇ ಹೋಗುತ್ತಾಳೆ, ಬಿಡಲಾಗುವುದಿಲ್ಲ. ತಟ್ಟೆಗಳು ಬೋಳಾಗುತ್ತವೆ, ಕಾಗದದ ಗೂಬೆಗಳು ಕಾಣೆಯಾಗುತ್ತವೆ.

— ಮೈ ಜುಂ ಅಂತು. ಆ ತಟ್ಟೆ ಅವನ ಕಲ್ಪನೆಯಾ?

— ಅಲ್ಲ, ಅಂಥ ತಟ್ಟೆಗಳನ್ನು ಅವರು ಕಣ್ಣಾರೆ ಕಂಡಿದ್ದರು. ಹಳೆಯ ಕಥೆ ತಲೆಯಲ್ಲಿತ್ತು, ತಟ್ಟೆ ಕೈಗೆ ಸಿಕ್ಕಿತು. ಕಣಿವೆಯಲ್ಲಿ ತೂತಿರುವ ಕಲ್ಲೂ ಇದೆ, ರೋಜರ್ ಅದರ ಮೂಲಕ ಫೋಟೋ ತೆಗೆಯುತ್ತಾನೆ. ಈಗ ಮುಖ್ಯ ವಿಷಯ. ಲ್ಲೆಯ್, ಬ್ಲೊದೈವೆದ್, ಗ್ರೊನು, ಆ ಮೂವರ ಕಥೆ ಪ್ರತಿ ತಲೆಮಾರಿನಲ್ಲೂ ಆ ಕಣಿವೆಯ ಮೂವರನ್ನು ಹಿಡಿದುಕೊಳ್ಳುತ್ತದೆ. ಹಿಂದಿನ ತಲೆಮಾರಿನಲ್ಲಿ ಹಿಡಿದದ್ದು ಗ್ವಿನ್‌ನ ತಾಯಿಯನ್ನು, ಈ ಮನೆಯ ಹಿಂದಿನ ಯಜಮಾನನನ್ನು, ತೋಟದ ಆಳು ಹ್ಯೂನನ್ನು. ಹ್ಯೂ ಯಜಮಾನನ ಮೋಟಾರ್‌ಸೈಕಲ್ಲಿನ ಬ್ರೇಕ್ ಬ್ಲಾಕುಗಳನ್ನು ತೆಗೆದಿಟ್ಟಿದ್ದ. ಯಜಮಾನ ಸತ್ತ. ಆಳು ಅಂತ ಎಲ್ಲರೂ ಕರೆಯುವ ಆ ಹ್ಯೂನೇ ಕಣಿವೆಯ ನಿಜವಾದ ವಾರಸುದಾರ, ಗ್ವಿನ್‌ನ ಅಪ್ಪ.

— ಅಂದರೆ ಇಲ್ಲಿ ಮಕ್ಕಳು ಪುರಾಣದೊಳಗೆ ಹೋಗುವುದಿಲ್ಲ. ಪುರಾಣವೇ ವಸೂಲಿಗೆ ಬರುತ್ತದೆ.

— ಅಷ್ಟೇ. ಜಗಳ ಮಾತ್ರ ಇಂದಿನದು. ಗ್ವಿನ್ ಓದಿ ಮೇಲೆ ಬರಬೇಕೆಂದು ಇಂಗ್ಲಿಷ್ ಉಚ್ಚಾರಣೆ ಕಲಿಸುವ ಗ್ರಾಮೊಫೋನ್ ತಟ್ಟೆಗಳನ್ನು ಕೊಂಡಿದ್ದಾನೆ. ನಂಬಿ ಆಲಿಸನ್‌ಗೆ ಹೇಳುತ್ತಾನೆ. ಅವಳು ರೋಜರ್‌ಗೆ ಹೇಳುತ್ತಾಳೆ. ರೋಜರ್ ಅದನ್ನೇ ಎತ್ತಿ ಆಡಿಕೊಳ್ಳುತ್ತಾನೆ. ಈಟಿ ಅಂದರೆ ಇದೇ, ಚಿಕ್ಕಪ್ಪ.

— ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿಯಲು ಹೋದ ನಮ್ಮ ಕಡೆಯ ಹುಡುಗರನ್ನು ಕೇಳು, ಅವರಿಗೆ ಟಿಪ್ಪಣಿ ಬೇಡ. ಕೊನೆಗೆ?

— ಕೊನೆಯ ರಾತ್ರಿ ಆಲಿಸನ್‌ನ ಮೈಮೇಲೆ ಆ ಶಕ್ತಿ ಬಂದಿದೆ. ಕಾಣದ ಉಗುರುಗಳು ಪರಚುತ್ತಿವೆ, ಕೋಣೆ ತುಂಬ ಗರಿ. ಸಮಾಧಾನ ಮಾಡು ಅಂತ ಹ್ಯೂ ಮಗನನ್ನು ಬೇಡುತ್ತಾನೆ, ಅದು ವಾರಸುದಾರ ಮಾಡಬೇಕಾದ ಕೆಲಸ. ಗ್ವಿನ್‌ನಿಂದ ಆಗುವುದಿಲ್ಲ. ಅವನು ಅಷ್ಟು ನೊಂದಿದ್ದಾನೆ. ರೋಜರ್ ಕೈಮುಗಿಯುವಷ್ಟು ತಗ್ಗುತ್ತಾನೆ, ಗ್ವಿನ್ ರೋಜರ್‌ನ ಓಡಿಹೋದ ತಾಯಿಯ ಹೆಸರೆತ್ತಿ ಚುಚ್ಚುತ್ತಾನೆ. ಆ ಚುಚ್ಚುಮಾತನ್ನು ನುಂಗಿಕೊಂಡ ರೋಜರ್ ಆಲಿಸನ್ ಹತ್ತಿರ ಹೋಗಿ ಹೇಳುತ್ತಾನೆ: ಅದು ಗೂಬೆ ಅಲ್ಲವೇ ಅಲ್ಲ, ಹೂವು. ನೀನು ಸುಮ್ಮನೆ ತಪ್ಪಾಗಿ ಮಡಿಸುತ್ತಿದ್ದೆ. ಗರಿಗಳೆಲ್ಲ ಎಸಳಾಗುತ್ತವೆ. ಪುಸ್ತಕ ಅಲ್ಲಿಗೇ ನಿಲ್ಲುತ್ತದೆ.

— ಛೆ. ಇದು ನ್ಯಾಯವಾ? ಅವಮಾನ ಉಂಡವನು ಗ್ವಿನ್, ಬಿಡುಗಡೆಯ ಪುಣ್ಯ ಅವಮಾನ ಮಾಡಿದವನಿಗೆ.

— ಎಷ್ಟೋ ಓದುಗರ ಸಿಟ್ಟೂ ಇದೇ. ಆದರೂ ಆ ವರ್ಷದ ಕಾರ್ನೆಗಿ ಪದಕ ಅದಕ್ಕೇ ಬಂತು. ನನಗೆ ಕೇಳಿದರೆ ಆ ಸಿಟ್ಟೇ ಪುಸ್ತಕದ ಪ್ರಾಣ. ನೊಂದವನೇ ದೊಡ್ಡ ಮನಸ್ಸು ಮಾಡಬೇಕು ಅಂತ ಸುಲಭದ ಕಥೆಗಳು ಹೇಳಿಕೊಡುತ್ತವೆ. ಗಾರ್ನರ್ ಆ ಭಾರ ಗ್ವಿನ್ ತಲೆಗೆ ಕಟ್ಟಲಿಲ್ಲ.

— ನೋಡು, ತಾಳಮದ್ದಳೆಯಲ್ಲಿ ಒಂದು ಕಟ್ಟು ಇದೆ. ಭಾಗವತರು ಹಾಡುವ ಪದ್ಯ ಪ್ರಸಂಗದ್ದು, ಅದನ್ನು ಮುಟ್ಟುವ ಹಾಗಿಲ್ಲ. ಅರ್ಥ ಮಾತ್ರ ಅರ್ಥಧಾರಿಯದು, ಅಲ್ಲಿ ಅವನಿಗೆ ಅಂಕೆಯಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ಮರದ ಮರೆಯ ರಾಮನಿಗೆ ಉತ್ತರ ಹೊಳೆಯುವುದು ಕಷ್ಟವಾಗುತ್ತಿತ್ತು. ವಾದದಲ್ಲಿ ವಾಲಿ ಗೆದ್ದೇ ಗೆಲ್ಲುತ್ತಿದ್ದ. ಆದರೂ ಬಾಣ ಎದೆಯಲ್ಲೇ ಇರುತ್ತಿತ್ತು, ಅದನ್ನು ಕೀಳಲು ಶೇಣಿಯವರಿಗೂ ಅಧಿಕಾರವಿರಲಿಲ್ಲ. ನಾನು ಬೆಳೆದದ್ದು ಆ ನಂಬಿಕೆಯಲ್ಲಿ: ಮಾತು ಬದಲಿಸು, ಕೊನೆ ಬದಲಿಸಬೇಡ. ನಿನ್ನ ಗಾರ್ನರ್ ಕೊನೆಯನ್ನೇ ಬದಲಿಸಿದ್ದಾನೆ. ಬ್ಲೊದೈವೆದ್ ಗೂಬೆ ಆಗಲೇಬೇಕಿತ್ತು.

— ಮಕ್ಕಳ ಪುಸ್ತಕಕ್ಕೆ ಆ ಕಟ್ಟು ಹಾಕಲಾಗುವುದಿಲ್ಲ ಚಿಕ್ಕಪ್ಪ. ವಾಲಿಯ ಎದೆಗೆ ಬಾಣ ಬಿದ್ದದ್ದು ಅವನು ಮಾಡಿದ್ದಕ್ಕೆ. ಆಲಿಸನ್ ಏನು ಮಾಡಿದ್ದಳು? ಮಾಡದ ತಪ್ಪಿನ ಸಾಲ ಹೊತ್ತ ಮಗುವಿಗೆ ಹೊರಬರುವ ಒಂದು ದಾರಿ ಇರಬೇಕು. ಸುಲಭದ ದಾರಿ ಬೇಡ. ಗಾರ್ನರ್ ಎಷ್ಟು ಬಿಗಿ ಹಿಡಿದಿದ್ದಾರೆ ನೋಡಿ: ಮಂತ್ರ ಇಲ್ಲ, ಖಡ್ಗ ಇಲ್ಲ, ಒಂದೇ ಒಂದು ಮಾತು. ಅದನ್ನು ಆಡಲು ಒಬ್ಬ ಸೊಕ್ಕಿನ ಹುಡುಗ ತನ್ನ ತಾಯಿಯ ಅವಮಾನವನ್ನು ನುಂಗಬೇಕಾಯಿತು.

— ಒಪ್ಪುವುದೂ ಕಷ್ಟ, ಬಿಡುವುದೂ ಕಷ್ಟ. ನನಗೆ ಗ್ವಿನ್‌ನಲ್ಲಿ ಕರ್ಣ ಕಾಣುತ್ತಾನೆ. ಆಳಿನ ಮಗ ಅಂತ ಬೆಳೆದ, ಒಡೆತನ ನಿನ್ನದೇ ಅಂತ ತಿಳಿದದ್ದು ಎಲ್ಲ ಕೈಮೀರಿದ ಮೇಲೆ. ಆಗ ಬಂದು ದೊಡ್ಡವನಾಗು ಅಂದರೆ ಎಲ್ಲಿಂದ ಆಗುತ್ತಾನೆ? ಕರ್ಣನೂ ಕೃಷ್ಣನಿಗೆ ಇಲ್ಲ ಅಂದವನೇ.

— ಕರ್ಣನ ಇಲ್ಲ ಅನ್ನುವುದರಲ್ಲಿ ಘನತೆ ಇದೆ. ಗ್ವಿನ್‌ನದು ಬರೀ ಗಾಯ.

— ಅದನ್ನು ಘನತೆ ಮಾಡಿದವರು ನಾವು, ಕವಿಗಳು ಮತ್ತು ಅರ್ಥಧಾರಿಗಳು. ಗ್ವಿನ್‌ಗೆ ಅಷ್ಟು ತಲೆಮಾರುಗಳ ಕೈ ತಾಗಿಲ್ಲ ಇನ್ನೂ. ಇರಲಿ, ಪುಸ್ತಕ ಎಷ್ಟು ವರ್ಷದ ಮಕ್ಕಳಿಗೆ ಕೊಡುತ್ತೀ?

— ಹದಿಮೂರರ ಮೇಲೆ. ಕಷ್ಟದ ಪುಸ್ತಕ, ಬರೀ ಸಂಭಾಷಣೆಯಲ್ಲೇ ಓಡುತ್ತದೆ, ಯಾರು ಯಾಕೆ ಸಿಟ್ಟಾದರು ಅಂತ ಬಿಡಿಸಿ ಹೇಳುವುದಿಲ್ಲ. ಪರ್ಸಿ ಓದಿ ಮುಗಿಸಿ ಇನ್ನೇನಿದೆ ಅಂತ ಬರುವವರಿಗೆ ಕೊಟ್ಟು ನೋಡಿದ್ದೇನೆ, ಅರ್ಧ ಜನ ವಾಪಸ್ ತಂದಿಡುತ್ತಾರೆ. ನಿಮ್ಮ ಮೊಮ್ಮಗಳಿಗೆ ಈಗ ಬೇಡ, ಅವಳು ಆರು ಷಾ ಐದನ್ನೂ ಮುಗಿಸಲಿ.

— ಅವಳಿಗೆ ನಾನು ಬಾಯಿಯಲ್ಲೇ ಹೇಳುತ್ತೇನೆ. ಕಣಿವೆ ವೇಲ್ಸ್‌ನದೇ ಇರಲಿ ಅನ್ನುತ್ತೀಯಾ, ಇಲ್ಲಿಗೆ ತರಲಾ? ಕುವೆಂಪು ಜರ್ಮನಿಯ ಹ್ಯಾಮೆಲಿನ್ನಿನ ಇಲಿಗಳನ್ನು ತುಂಗಾ ತೀರಕ್ಕೆ ಹೊಡೆದುಕೊಂಡು ಬಂದು ಕಿಂದರಿಜೋಗಿ ಮಾಡಲಿಲ್ಲವಾ.

— ಇಲಿಗಳು ಬರುತ್ತವೆ ಚಿಕ್ಕಪ್ಪ, ಎಲ್ಲ ಊರಲ್ಲೂ ಇವೆ. ಆ ತೂತಿನ ಕಲ್ಲು ಅಲ್ಲೇ ಇರಲಿ. ಗಾರ್ನರ್ ಕಥೆಯನ್ನು ಕಣಿವೆಯಿಂದ ಒಂದು ಹೆಜ್ಜೆ ಆಚೆ ಇಟ್ಟಿದ್ದರೂ ಅದು ಸತ್ತುಹೋಗುತ್ತಿತ್ತು.

— ಸರಿ, ಅಲ್ಲೇ ಇರಲಿ. ಆದರೆ ಗ್ವಿನ್‌ನ ಅರ್ಥ ನಾನೇ ಹೇಳುವುದು, ಒಂದು ಗಂಟೆಗೆ ಕಡಿಮೆ ಇಲ್ಲ. ನೀನು ರೋಜರ್ ಆಗು.

— ನನಗೆ ರೋಜರ್ ಬೇಡ. ಆಲಿಸನ್‌ಳ ತಾಯಿ ಇದ್ದಾಳೆ, ಅವಳ ಅರ್ಥ ಹೇಳುತ್ತೇನೆ. ಮನೆಯಲ್ಲಿ ಎಲ್ಲರೂ ಅವಳಿಗೆ ಹೆದರಿಯೇ ನಡೆಯುತ್ತಾರೆ. ಮೊದಲ ಪುಟದಿಂದ ಕೊನೆಯವರೆಗೆ ಅವಳು ಒಂದು ಸಲವೂ ಕಣ್ಣೆದುರು ಬರುವುದಿಲ್ಲ, ಒಂದು ಮಾತೂ ಆಡುವುದಿಲ್ಲ.

— ಪದ್ಯವೇ ಇಲ್ಲದ ವೇಷಕ್ಕೆ ಅರ್ಥವಾ? ಭಾಗವತರು ನಿನ್ನನ್ನು ಚೌಕಿಗೇ ಬಿಡುವುದಿಲ್ಲ.

— ತಾಳಮದ್ದಳೆಗೆ ಚೌಕಿ ಎಲ್ಲಿಯದು ಚಿಕ್ಕಪ್ಪ, ವೇಷವೇ ಇಲ್ಲವಲ್ಲ. ಚಾಪೆಯ ಮೇಲೆ ಜಾಗ ಬಿಡಿ ಸಾಕು.